ಪಾಮೋಲಿನ್ ಬಂದ ಮೇಲೆ ಶೇಂಗಾ ಸೀಮೆ

ನಮ್ಮ ಕಡೆ ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನ ಹುಡುಗರು ಕಾಣೋದಿಲ್ಲ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಮಳೆ ಇಲ್ಲ, ಬೋರು ಬತ್ತಿದವು, ಓದಿದವರಿಗೆ ಮಣ್ಣು ಮುಟ್ಟೋಕೆ ನಾಚಿಕೆ, ಮೊಬೈಲು ಕೆಡಿಸ್ತು. ಇವು ಯಾವುವೂ ಪೂರ್ತಿ ಸುಳ್ಳಲ್ಲ. ಆದರೆ ಇನ್ನೊಂದು ಕಾರಣ ಇದೆ. ಅದು ಹಡಗಿನಲ್ಲಿ ಬಂತು. ಸಮುದ್ರ ನಮ್ಮೂರಿಂದ ಬಲು ದೂರ. ಹಾಗಾಗಿ ಅದು ಬಂದದ್ದು ನಮಗೆ ಕಾಣಲಿಲ್ಲ. ಅದೇ ತಾಳೆ ಎಣ್ಣೆ, ರೇಷನ್ ಅಂಗಡಿಯಲ್ಲಿ ಪಾಮೋಲಿನ್ ಅಂತ ಕರೆಯುತ್ತಿದ್ದದ್ದು.

ಒಂದು ದೇಶ ಹೊರಗಿನಿಂದ ಸರಕು ತರಿಸಿಕೊಂಡರೆ ಅಥವಾ ಹೊರಗೆ ಕಳಿಸಿದರೆ, ಒಳಗಿನ ಜನರ ಕಸುಬು ಹೇಗೆ ಬದಲಾಗುತ್ತೆ? ಪುಸ್ತಕದವರು ಇದನ್ನು ‘ಆರ್ಥಿಕತೆಯ ರಚನೆಯ ಬದಲಾವಣೆ’ ಅನ್ನುತ್ತಾರೆ. ನಾನು ಅದನ್ನು ಶೇಂಗಾದ ಮೂಲಕ ವಿವರಿಸೋ ಪ್ರಯತ್ನ ಮಾಡ್ತೀನಿ. ಕರಾವಳಿಯ ಓದುಗರು ನೆಲಗಡಲೆ ಅಂತ ಓದಿಕೊಳ್ಳಲಿ.

ನನ್ನದು ಚಳ್ಳಕೆರೆ ತಾಲೂಕು. ಹನ್ನೊಂದು ಎಕರೆ ಕೆಂಪು ಮಸಾರಿ, ನೀರಾವರಿ ಇಲ್ಲ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ನಮ್ಮದೂ ಒಂದು. ನಾನು ಓದಿದ್ದು ಏಳನೇ ಕ್ಲಾಸು. ತಂಗಿಯ ಮಗಳು ಅರ್ಥಶಾಸ್ತ್ರ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳ್ತಾಳೆ. ಹಬ್ಬಕ್ಕೆ ಬಂದಾಗೆಲ್ಲ ಅವಳ ಪುಸ್ತಕದ ಲೆಕ್ಕ ಒಂದು ಕಡೆ, ನನ್ನ ಹೊಲದ ಲೆಕ್ಕ ಇನ್ನೊಂದು ಕಡೆ ಇಟ್ಟು ಕೂತ್ಕೊಳ್ತೀವಿ. ಈ ಲೇಖನ ಆ ಮಾತುಕತೆಯಿಂದ ಹುಟ್ಟಿದ್ದು. ಕೂಡೋದು, ಕಳೆಯೋದು, ಭಾಗಿಸೋದು ಬಂದರೆ ಸಾಕು, ಉಳಿದದ್ದು ಅರ್ಥ ಆಗುತ್ತೆ.

ಒಂದು ಕ್ವಿಂಟಾಲ್ ಶೇಂಗಾದ ಸಂಸಾರ

ಮೊದಲು ಒಂದು ಕ್ವಿಂಟಾಲ್ ಶೇಂಗಾ ಕಾಯಿ ಏನೇನು ಮಾಡುತ್ತಿತ್ತು ನೋಡೋಣ. ನೂರು ಕಿಲೋ ಕಾಯಿ ಒಡೆಸಿದರೆ ಸುಮಾರು 70 ಕಿಲೋ ಬೀಜ, 30 ಕಿಲೋ ಸಿಪ್ಪೆ. ಆ 70 ಕಿಲೋ ಬೀಜವನ್ನು ಎಕ್ಸ್‌ಪೆಲ್ಲರ್ ಮಿಲ್ಲಿಗೆ ಹಾಕಿದರೆ ಸುಮಾರು 28 ಕಿಲೋ ಎಣ್ಣೆ, 40 ಕಿಲೋ ಹಿಂಡಿ. ಉಳಿದದ್ದು ತೇವ, ಕಸ.

ಈ ಲೆಕ್ಕದ ಒಳಗೆ ಜನ ಇದ್ದಾರೆ. ಬಳ್ಳಿ ಕೀಳೋರು, ಕಾಯಿ ಬಿಡಿಸೋರು ನಮ್ಮ ಊರಿನ ಹೆಂಗಸರು. ಮಂಡಿಗೆ ತರೋ ಗಾಡಿಯವರು, ಆಮೇಲೆ ಟ್ರ್ಯಾಕ್ಟರಿನವರು. ಮಂಡಿಯಲ್ಲಿ ತೂಕ ಹಾಕೋರು, ಹಮಾಲರು, ದಲಾಲರು, ಗುಮಾಸ್ತರು. ಒಡೆಯೋ ಮಿಲ್ಲಿನಲ್ಲಿ ಬೀಜ ಆರಿಸಲು ಸಾಲಾಗಿ ಕೂರುತ್ತಿದ್ದ ಹೆಂಗಸರು. ಎಣ್ಣೆ ಮಿಲ್ಲಿನಲ್ಲಿ ಮೂರು ಪಾಳಿ. ಚೀಲ ಹೊಲಿಯೋರು, ಡಬ್ಬ ಬೆಸುಗೆ ಹಾಕೋರು, ಮಿಲ್ಲಿನ ಯಂತ್ರ ರಿಪೇರಿ ಮಾಡೋರು, ಲಾರಿ ಡ್ರೈವರು, ಕ್ಲೀನರು. ಸಿಪ್ಪೆ ಬಾಯ್ಲರಿನ ಉರಿಗೆ. ಹೊಟ್ಟು ನಮ್ಮ ಎತ್ತಿಗೆ. ಹಿಂಡಿ ಹಾಲು ಕರೆಯೋ ಎಮ್ಮೆಗೂ, ಮಲೆನಾಡಿನ ತೋಟಗಳಿಗೂ. ಅಡಿಕೆ ಬುಡಕ್ಕೆ ಶೇಂಗಾ ಹಿಂಡಿ ಹಾಕಿದ ಹಿರಿಯರು ಈ ಪತ್ರಿಕೆಯ ಓದುಗರಲ್ಲೇ ಇದ್ದಾರೆ. ಅಂದರೆ ನಮ್ಮ ಬೆದ್ದಲು ಹೊಲದ ಸಾರ ಸ್ವಲ್ಪ ನಿಮ್ಮ ತೋಟಕ್ಕೂ ಬಂದಿದೆ.

ಚಳ್ಳಕೆರೆಯನ್ನು ಎಣ್ಣೆ ನಗರ ಅನ್ನುತ್ತಿದ್ದರು. ಎರಡನೇ ಬೊಂಬಾಯಿ ಅಂತ ಕರೆದವರೂ ಇದ್ದಾರೆ. ಸುಗ್ಗಿಯಲ್ಲಿ ಪೇಟೆಗೆ ಹೋದರೆ ಗಾಳಿಯಲ್ಲೇ ಎಣ್ಣೆಯ ವಾಸನೆ ಇರೋದು. ನಾನು 1988ರ ಹೊತ್ತಿಗೆ ಅಪ್ಪನ ಜೊತೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದಾಗ ನಮ್ಮೂರಿನವರೇ ಹತ್ತಾರು ಜನ ಮಿಲ್ಲುಗಳಲ್ಲಿ ಕೆಲಸಕ್ಕೆ ಇದ್ದರು. ಬಿತ್ತನೆಗೆ ರಜೆ ಹಾಕಿ ಊರಿಗೆ ಬರೋರು, ಬಿತ್ತಿ ವಾಪಸ್ ಹೋಗೋರು.

ಈ ಕಾಲಂಶದ ಕೆಲಸ ಪುಸ್ತಕದವರಿಗೆ ಬಹಳ ಮುಖ್ಯ. ಸೇಂಟ್ ಲೂಸಿಯಾ ಅಂತ ಒಂದು ಸಣ್ಣ ದ್ವೀಪದಲ್ಲಿ ಹುಟ್ಟಿದ ಆರ್ಥರ್ ಲೂಯಿಸ್ ಅನ್ನೋರು 1954ರಲ್ಲಿ ಒಂದು ಲೇಖನ ಬರೆದರು. 1979ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಅವರ ಮಾತು ಸರಳ. ಬಡ ದೇಶದ ಹೊಲದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೈ ಇರುತ್ತವೆ. ಹನ್ನೊಂದು ಎಕರೆಗೆ ನಾಲ್ಕು ಜನ ಅಣ್ಣತಮ್ಮಂದಿರು ಇದ್ದರೆ, ಒಬ್ಬ ಹೊರಗೆ ಹೋದರೂ ಬೆಳೆ ಕಡಿಮೆ ಆಗೋದಿಲ್ಲ. ಆ ಒಬ್ಬ ಕಾರ್ಖಾನೆಗೆ ಹೋದರೆ ಅಲ್ಲಿ ಹೊಸ ಗಳಿಕೆ. ಕಾರ್ಖಾನೆಯವ ಲಾಭವನ್ನು ಮತ್ತೆ ಹೂಡಿದರೆ ಇನ್ನೊಬ್ಬನಿಗೆ ಕೆಲಸ. ಹೀಗೆ ಹೊಲದಿಂದ ಕಾರ್ಖಾನೆಗೆ ಜನ ಮೆಲ್ಲಗೆ ಸಾಗಿ, ಕೊನೆಗೆ ಹೊಲದಲ್ಲಿ ಉಳಿದವರ ಆದಾಯವೂ ಏರುತ್ತೆ.

“ಮಾವ, ನಿಮ್ಮ ಎಣ್ಣೆ ಮಿಲ್ಲೇ ಆ ಏಣಿಯ ಮೊದಲ ಮೆಟ್ಟಿಲು” ಅಂದಳು ತಂಗಿಯ ಮಗಳು. ನನಗೆ ಒಪ್ಪಿಗೆಯಾಯ್ತು. ನಮ್ಮ ಬೆಳೆ, ನಮ್ಮ ಪೇಟೆ, ನಡೆದು ಹೋಗೋ ದೂರದಲ್ಲೇ ಕಾರ್ಖಾನೆ.

ಎಂಟು ವರ್ಷದ ಏರು

1980ರ ದಶಕದಲ್ಲೂ ದೇಶಕ್ಕೆ ಎಣ್ಣೆ ಸಾಲುತ್ತಿರಲಿಲ್ಲ. ಆದರೆ ತರಿಸೋ ಅಧಿಕಾರ ಸರ್ಕಾರದ ಕೈಯಲ್ಲೇ ಇತ್ತು. ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಶನ್ ತರಿಸೋದು, ರೇಷನ್ ಅಂಗಡಿಗೆ ಪಾಮೋಲಿನ್ ಬರೋದು. ಡಾಲರು ಇದಕ್ಕೆ ಬಹಳ ಖರ್ಚಾಗುತ್ತೆ ಅಂತ 1986ರಲ್ಲಿ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಶುರು ಮಾಡಿದರು. ಬೀಜ, ಗೊಬ್ಬರ, ಬೆಲೆ, ಖರೀದಿ ನಾಲ್ಕನ್ನೂ ಒಟ್ಟಿಗೆ ಹಿಡಿದರು. ಹಾಲಿನ ಮಂಡಳಿ ಎನ್‌ಡಿಡಿಬಿ ‘ಧಾರಾ’ ಹೆಸರಿನಲ್ಲಿ ಎಣ್ಣೆ ಮಾರಾಟಕ್ಕೆ ಇಳಿಯಿತು.

ಫಲ ಏನಾಯ್ತು? 1985-86ರಲ್ಲಿ ದೇಶದ ಎಣ್ಣೆಕಾಳು ಉತ್ಪನ್ನ ಸುಮಾರು 108 ಲಕ್ಷ ಟನ್ನು. 1993-94ರಲ್ಲಿ ಸುಮಾರು 215 ಲಕ್ಷ ಟನ್ನು. ಎಂಟು ವರ್ಷದಲ್ಲಿ ಎರಡು ಪಟ್ಟು. 1990ರ ದಶಕದ ಮೊದಲ ವರ್ಷಗಳಲ್ಲಿ ಹೊರಗಿನಿಂದ ಬಂದ ಎಣ್ಣೆ ನಮ್ಮ ಬಳಕೆಯಲ್ಲಿ ನೂರಕ್ಕೆ ಮೂರು ನಾಲ್ಕರಷ್ಟಕ್ಕೆ ಇಳಿದಿತ್ತು. ಹಳದಿ ಕ್ರಾಂತಿ ಅಂತ ಹೆಸರಿಟ್ಟರು. ಇದನ್ನು ಮಾಡಿದ್ದು ಬಹುಪಾಲು ನಮ್ಮಂಥ ಮಳೆ ನಂಬಿದ ರೈತರು, ಟಿಎಂವಿ-2 ಅಂಥ ಹಳೇ ತಳಿ ಇಟ್ಕೊಂಡೇ.

ಒಂದು ಮಾತು ಬಿಡಬಾರದು. ಆಗ ಬೇಲಿ ಇದ್ದದ್ದರಿಂದ ಇಲ್ಲಿಯ ಎಣ್ಣೆ ಬೆಲೆ ಹೊರಗಿನ ಬೆಲೆಗಿಂತ ಹೆಚ್ಚಿತ್ತು. ಆ ಹೆಚ್ಚಿಗೆ ಕೊಟ್ಟವರು ಪೇಟೆಯ ಬಡವರೂ ಹೌದು, ಹಳ್ಳಿಯ ಕೂಲಿಯವರೂ ಹೌದು. ನಮ್ಮ ಗೆಲುವಿನ ಒಂದು ಪಾಲು ಅವರ ಜೇಬಿನಿಂದ ಬಂದಿತ್ತು.

ಬೇಲಿ ತೆಗೆದದ್ದು ಯಾರು?

1994ರಲ್ಲಿ ಪಾಮೋಲಿನ್ನನ್ನು ಮುಕ್ತ ಆಮದು ಪಟ್ಟಿಗೆ ಸೇರಿಸಿದರು. ಯಾರು ಬೇಕಾದರೂ ತರಿಸಬಹುದು, ನೂರಕ್ಕೆ 65 ಸುಂಕ ಕಟ್ಟಬೇಕು. 1995ರಲ್ಲಿ ಬೇರೆ ಎಣ್ಣೆಗಳೂ ಸೇರಿದವು, ಸುಂಕ 30ಕ್ಕೆ ಇಳಿಯಿತು. ಮರುವರ್ಷ 20. 1998ರಲ್ಲಿ 15.

ಇದರ ಅರ್ಥ ತಿಳಿಯೋಕೆ ಒಂದು ಉದಾಹರಣೆ ಲೆಕ್ಕ. ಬಂದರಿಗೆ ಬಂದ ಎಣ್ಣೆ ಕಿಲೋಗೆ 20 ರೂಪಾಯಿ ಅಂತ ಇಟ್ಟುಕೊಳ್ಳಿ. ಸುಂಕ 65 ಇದ್ದರೆ ಅದು 33 ರೂಪಾಯಿಗೆ ಪೇಟೆ ಮುಟ್ಟುತ್ತೆ. ಸುಂಕ 15 ಆದರೆ 23 ರೂಪಾಯಿ. ಹತ್ತು ರೂಪಾಯಿ ವ್ಯತ್ಯಾಸ. ಒಂದು ಕ್ವಿಂಟಾಲ್ ಕಾಯಿಯಲ್ಲಿ 28 ಕಿಲೋ ಎಣ್ಣೆ ಅಂದೆನಲ್ಲ, ಅಂದರೆ ಕ್ವಿಂಟಾಲಿಗೆ 280 ರೂಪಾಯಿ. ಶೇಂಗಾ ಎಣ್ಣೆ ಬೇರೆ, ತಾಳೆ ಎಣ್ಣೆ ಬೇರೆ, ರುಚಿ ಬಲ್ಲವರು ಬದಲಾಯಿಸೋದಿಲ್ಲ ಅಂತ ಮಂಡಿಯ ಹಿರಿಯರು ಹೇಳುತ್ತಿದ್ದರು. ಮನೆಯವರು ಬದಲಾಯಿಸಲಿಲ್ಲವೇನೋ, ಬೋಂಡಾ ಕರಿಯೋರು, ಬಿಸ್ಕತ್ ಮಾಡೋರು, ಹೋಟೆಲಿನವರು, ವನಸ್ಪತಿ ಕಾರ್ಖಾನೆಯವರು ಬದಲಾಯಿಸಿದರು. ಶೇಂಗಾ ಬೆಲೆ ಹಿಡಿದು ನಿಲ್ಲಿಸುತ್ತಿದ್ದ ಗಿರಾಕಿ ಅವರೇ. ಕೊನೆಗೆ ಮನೆಯವರೂ ಬದಲಾಯಿಸಿದರು. ಶೇಂಗಾ ಬೆಳೆಯೋ ನಮ್ಮ ಮನೆಗಳಲ್ಲೇ ಈಗ ಒಗ್ಗರಣೆಗೆ ಪ್ಯಾಕೆಟ್ ಎಣ್ಣೆ. ನೂರು ರೂಪಾಯಿ ಉಳಿಯುತ್ತೆ ಅಂದರೆ ಯಾವ ಮನೆಯೊಡತಿ ಬಿಡ್ತಾಳೆ?

1990ರ ದಶಕ ಮುಗಿಯೋ ಹೊತ್ತಿಗೆ ಆಮದು ವರ್ಷಕ್ಕೆ ಹತ್ತಿರ ಹತ್ತಿರ 40 ಲಕ್ಷ ಟನ್ನು. 2023-24ರಲ್ಲಿ 150 ಲಕ್ಷ ಟನ್ನಿಗೂ ಮೇಲೆ. ನಾವು ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು.

ನಮ್ಮಲ್ಲಿ ಇದಕ್ಕೆಲ್ಲ ಡಂಕೆಲ್ ಕಾರಣ ಅನ್ನೋ ನಂಬಿಕೆ ಇದೆ. 1993ರಲ್ಲಿ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ರೈತರು ಸೇರಿದ್ದರು, ನಮ್ಮ ತಾಲೂಕಿನಿಂದಲೂ ಹೋಗಿದ್ದರು. ಆದರೆ ಈ ವಿಷಯದಲ್ಲಿ ಕಾಗದ ಬೇರೆಯೇ ಹೇಳುತ್ತೆ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಶುರುವಾದಾಗ ತಾಳೆ ಎಣ್ಣೆಗೆ ನೂರಕ್ಕೆ 300ರವರೆಗೆ ಸುಂಕ ಹಾಕೋ ಹಕ್ಕನ್ನು ಭಾರತ ಉಳಿಸಿಕೊಂಡಿತ್ತು. ಕಟ್ಟು ಇದ್ದದ್ದು ಸೋಯಾ ಎಣ್ಣೆಗೆ, 45. ಅಂದರೆ 300 ಹಾಕಬಹುದಾದ ಕಡೆ 15 ಹಾಕಿದ್ದು ನಮ್ಮದೇ ಸರ್ಕಾರಗಳು, ಬೆಲೆ ಏರಿಕೆ ಹತ್ತಿಕ್ಕೋ ಆತುರದಲ್ಲಿ. ಒಂದು ಪಕ್ಷದ ಸರ್ಕಾರ ಅಲ್ಲ, ಬಂದವರೆಲ್ಲ.

ಆಚೆ ದಡದಲ್ಲಿ ಏನಾಯ್ತು

ಈಗ ಆ ಎಣ್ಣೆ ಬಂದ ಊರಿನ ಕಡೆ ಹೋಗೋಣ. ವ್ಯಾಪಾರಕ್ಕೆ ಎರಡು ದಡ ಇರುತ್ತೆ. ಒಂದನ್ನೇ ನೋಡಿದರೆ ಪಾಠ ಅರ್ಧ.

ಮಲೇಷ್ಯಾ ಹಿಂದೆ ರಬ್ಬರು ಮತ್ತು ತವರ ಮಾರಿ ಬದುಕುತ್ತಿದ್ದ ದೇಶ. ಕೃತಕ ರಬ್ಬರು ಬಂದು ಬೆಲೆ ಅಲುಗಾಡಿತು. ಅಂದರೆ ನಮಗೆ 1994ರಲ್ಲಿ ಬಿದ್ದ ಪೆಟ್ಟು ಅವರಿಗೆ ಮೊದಲೇ ಬಿದ್ದಿತ್ತು. ಆಗ ಅವರು ತಾಳೆಯ ಕಡೆ ತಿರುಗಿದರು. ಅದು ಅವರ ಗಿಡ ಅಲ್ಲ, ಪಶ್ಚಿಮ ಆಫ್ರಿಕಾದ್ದು. 1956ರಲ್ಲಿ ಫೆಲ್ಡಾ ಅಂತ ಸರ್ಕಾರಿ ಸಂಸ್ಥೆ ಕಟ್ಟಿ, ಭೂಮಿ ಇಲ್ಲದ ಕುಟುಂಬಗಳಿಗೆ ಸುಮಾರು ಹತ್ತು ಎಕರೆಯಂತೆ ತೋಟ ಮಾಡಿ ಕೊಟ್ಟರು. ಮೊದಲು ರಬ್ಬರು, ಆಮೇಲೆ ತಾಳೆ.

ಕೃಷಿಕರಿಗೆ ಹಿಡಿಸೋ ಒಂದು ಸಂಗತಿ ಹೇಳಬೇಕು. ಅಲ್ಲಿ ತಾಳೆ ಹೂವಿಗೆ ಕೂಲಿಯವರು ಕೈಯಿಂದ ಪರಾಗ ಹಾಕಬೇಕಿತ್ತು. ಆಫ್ರಿಕಾದಲ್ಲಿ ಹೀಗೆ ಮಾಡದೆ ಕಾಯಿ ಹೇಗೆ ಕಟ್ಟುತ್ತೆ ಅಂತ ಹುಡುಕಿದಾಗ ಸಣ್ಣದೊಂದು ಮೂತಿ ಹುಳು ಆ ಕೆಲಸ ಮಾಡೋದು ಗೊತ್ತಾಯ್ತು. 1981ರಲ್ಲಿ ಕ್ಯಾಮರೂನ್ ದೇಶದಿಂದ ಆ ಹುಳು ತಂದು ಬಿಟ್ಟರು. ಕೈ ಪರಾಗದ ಖರ್ಚು ನಿಂತಿತು, ಇಳುವರಿ ಏರಿತು. ನಮ್ಮ ಅಡುಗೆ ಮನೆಯ ಎಣ್ಣೆ ಅಗ್ಗ ಆದದ್ದರಲ್ಲಿ ಆ ಹುಳುವಿನ ಪಾಲೂ ಇದೆ.

ಹುಳುವಿಗಿಂತ ದೊಡ್ಡ ಜಾಣತನ ಸುಂಕದ್ದು. 1970ರ ದಶಕದಲ್ಲಿ ಅವರು ಕಚ್ಚಾ ತಾಳೆ ಎಣ್ಣೆ ಹೊರಗೆ ಕಳಿಸಿದರೆ ರಫ್ತು ತೆರಿಗೆ ಹಾಕಿದರು, ಶುದ್ಧ ಮಾಡಿ ಕಳಿಸಿದರೆ ವಿನಾಯಿತಿ ಕೊಟ್ಟರು. ವ್ಯಾಪಾರಿಗಳು ತಾವಾಗೇ ಅಲ್ಲಿ ರಿಫೈನರಿ ಕಟ್ಟಿದರು. ಸಾಬೂನು, ಮಾರ್ಗರಿನ್, ರಾಸಾಯನಿಕ ಕಾರ್ಖಾನೆ ಹಿಂದೆಯೇ ಬಂದವು. ಅದೇ ಹೊತ್ತಿಗೆ 1972ರಲ್ಲಿ ಪೆನಾಂಗ್ ದ್ವೀಪದಲ್ಲಿ ಸುಂಕ ಇಲ್ಲದ ಕೈಗಾರಿಕಾ ವಲಯ ತೆರೆದು ಎಲೆಕ್ಟ್ರಾನಿಕ್ ಕಂಪನಿಗಳನ್ನು ಕರೆದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕಿತು. 1970ರಲ್ಲಿ ಮಲೇಷ್ಯಾದ ದುಡಿಯುವವರಲ್ಲಿ ಅರ್ಧದಷ್ಟು ಜನ ಕೃಷಿಯಲ್ಲಿದ್ದರು. ಈಗ ಹತ್ತರಲ್ಲಿ ಒಬ್ಬರು.

ಅವರದ್ದೆಲ್ಲ ಬಂಗಾರ ಅಂತ ನಾನು ಹೇಳೋದಿಲ್ಲ. ಕಾಡು ಬಹಳ ಹೋಯಿತು. ಪಕ್ಕದ ಇಂಡೋನೇಷ್ಯಾದಲ್ಲಿ ಇನ್ನೂ ಹೆಚ್ಚು ಹೋಯಿತು, 2015ರಲ್ಲಿ ಅಲ್ಲಿ ಕಾಡು, ಜೌಗುನೆಲ ಹೊತ್ತಿ ಎದ್ದ ಹೊಗೆ ಸಿಂಗಪುರದವರೆಗೂ ಮುಸುಕಿತ್ತು. ಇಂದು ಮಲೇಷ್ಯಾದ ತಾಳೆ ಗೊನೆ ಕೊಯ್ಯೋರು ಹೆಚ್ಚಾಗಿ ಇಂಡೋನೇಷ್ಯಾ, ಬಾಂಗ್ಲಾದೇಶದಿಂದ ಬಂದ ಬಡವರು. ಆದರೂ ಏಣಿ ಅಂತ ಒಂದನ್ನು ಅವರು ಕಟ್ಟಿದ್ದು ನಿಜ. ವ್ಯಾಪಾರ ತಾನಾಗೇ ಕಟ್ಟಿಕೊಟ್ಟದ್ದಲ್ಲ, ವ್ಯಾಪಾರದ ಹಣ ಎಲ್ಲಿ ಹರಿಯಬೇಕು ಅಂತ ಕಾಲುವೆ ತೋಡಿದರು.

ಇಳುವರಿಯ ವಿಷಯದಲ್ಲೂ ನೇರ ಮಾತಾಡೋಣ. ಅಲ್ಲಿ ಒಂದು ಎಕರೆ ತಾಳೆಯಿಂದ ವರ್ಷಕ್ಕೆ ಸುಮಾರು ಒಂದೂವರೆ ಟನ್ ಎಣ್ಣೆ. ನಮ್ಮ ಬೆದ್ದಲಿನಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಕಾಯಿ ಬಂದರೆ ಎಣ್ಣೆ 112 ಕಿಲೋ. ಹದಿಮೂರು ಪಟ್ಟು ವ್ಯತ್ಯಾಸ. ಆ ಗಿಡಕ್ಕೆ ವರ್ಷಪೂರ್ತಿ ಮಳೆ, ನಮ್ಮದಕ್ಕೆ ನಾಲ್ಕು ಹದ ಮಳೆ ಬಿದ್ದರೆ ಪುಣ್ಯ. ಶೇಂಗಾ ಹಿಂಡಿ ಕೊಡುತ್ತೆ, ಹೊಟ್ಟು ಕೊಡುತ್ತೆ, ನೆಲಕ್ಕೆ ಸಾರಜನಕ ಕೊಡುತ್ತೆ, ಎಲ್ಲ ಸರಿ. ಆದರೆ ಕಿಲೋ ಎಣ್ಣೆಗೆ ಕಿಲೋ ಎಣ್ಣೆ ಅಂತ ಪೈಪೋಟಿಗೆ ಇಳಿದರೆ ನಾವು ಗೆಲ್ಲೋದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಇಲ್ಲೂ ತಾಳೆ ಬೆಳೆಸೋಕೆ 11,040 ಕೋಟಿಯ ಯೋಜನೆ ತಂದಿದೆ. ನೀರಿದ್ದವರು ಯೋಚಿಸಲಿ. ನಮ್ಮ ಕೆಂಪು ಮಸಾರಿಯಲ್ಲಿ ಅದನ್ನು ನೆಟ್ಟರೆ ಟ್ಯಾಂಕರ್ ನೀರು ಹೊಡೆಸಬೇಕಾಗುತ್ತೆ.

ಮಿಲ್ಲು ಬಿಟ್ಟವರು ಎಲ್ಲಿ ಹೋದರು?

ಚಳ್ಳಕೆರೆಯಲ್ಲಿ ಮಿಲ್ಲುಗಳು ಒಂದೊಂದೇ ನಿಂತವು. ಕೆಲವು ಗೋದಾಮಾದವು, ಕೆಲವು ಸೈಟಾದವು. ಎಲ್ಲಕ್ಕೂ ಪಾಮೋಲಿನ್ ಒಂದೇ ಕಾರಣ ಅಂದರೆ ತಪ್ಪು. 2001ರಿಂದ ಮೂರು ವರ್ಷ ಸಾಲು ಬರಗಾಲ ಬಂತು. ಶೇಂಗಾಕ್ಕೆ ಸುಡುರೋಗ, ಬುಡಕೊಳೆ ರೋಗ. ಕೋಳಿ ಆಹಾರಕ್ಕೆ ಬೇಡಿಕೆ ಏರಿ ನಮ್ಮ ಜಿಲ್ಲೆಯ ಮಳೆ ಇರೋ ಕಡೆಯಲ್ಲಿ ಮೆಕ್ಕೆಜೋಳ ಹಬ್ಬಿತು. ಇನ್ನೊಂದು ಸರ್ಕಾರಿ ಕಟ್ಟು: ಎಕ್ಸ್‌ಪೆಲ್ಲರಿನಲ್ಲಿ ಶೇಂಗಾ ಎಣ್ಣೆ ತೆಗೆಯೋ ಕೆಲಸ ಸಣ್ಣ ಕೈಗಾರಿಕೆಗೆ ಮೀಸಲು ಅಂತ 2015ರವರೆಗೂ ಇತ್ತು. ಸಣ್ಣವರನ್ನು ಕಾಪಾಡೋ ಉದ್ದೇಶ ಒಳ್ಳೆಯದೇ. ಆದರೆ ಬಂದರಿನಲ್ಲಿ ದೊಡ್ಡ ರಿಫೈನರಿ ಏಳೋಕೆ ಬಿಟ್ಟು, ಚಳ್ಳಕೆರೆಯವನಿಗೆ ನೀನು ಸಣ್ಣವನಾಗೇ ಇರು ಅಂದರೆ ಅವನು ಹೇಗೆ ನಿಲ್ಲಬೇಕು?

ಇಲ್ಲೇ ಮುಖ್ಯ ಅಂಶ ಇರೋದು. ನಮ್ಮ ದೇಶವೂ ಕಚ್ಚಾ ಎಣ್ಣೆಗೆ ಕಡಿಮೆ ಸುಂಕ, ಶುದ್ಧ ಎಣ್ಣೆಗೆ ಹೆಚ್ಚು ಸುಂಕ ಇಟ್ಟಿತು. ಇದರಿಂದ ರಿಫೈನರಿಗಳು ಬಂದವು, ಅದೂ ಕೈಗಾರಿಕೆಯೇ. ಎಲ್ಲಿ ಬಂದವು? ಕಾಂಡ್ಲಾ, ಕಾಕಿನಾಡ, ನಮ್ಮ ಪಣಂಬೂರು. ಹಡಗು ನಿಲ್ಲುವ ಕಡೆ. ಎಣ್ಣೆ ಕೊಳವೆಯಲ್ಲಿ ಹರಿದು ಟ್ಯಾಂಕಿಗೆ, ಟ್ಯಾಂಕಿನಿಂದ ಯಂತ್ರಕ್ಕೆ, ಯಂತ್ರದಿಂದ ಪ್ಯಾಕೆಟ್ಟಿಗೆ. ಅಲ್ಲಿ ಬೀಜ ಆರಿಸೋ ಹೆಂಗಸು ಬೇಡ, ಚೀಲ ಹೊರುವವನು ಬೇಡ, ಹಿಂಡಿಯೂ ಇಲ್ಲ. ಕಾರ್ಖಾನೆ ದೇಶದಲ್ಲೇ ಉಳಿಯಿತು, ಒಳನಾಡಿನಿಂದ ಕಡಲ ದಂಡೆಗೆ ಸರಿಯಿತು, ಕೈಗಳನ್ನು ದಾರಿಯಲ್ಲಿ ಬಿಟ್ಟಿತು.

ಆ ಕೈಗಳು ಎಲ್ಲಿ ಹೋದವು ಅಂತ ಸರ್ಕಾರದ ಸಮೀಕ್ಷೆಯಲ್ಲೇ ಇದೆ. 1993-94ರಲ್ಲಿ ದೇಶದ ದುಡಿಯುವ ನೂರು ಜನರಲ್ಲಿ ಸುಮಾರು 64 ಜನ ಕೃಷಿಯಲ್ಲಿದ್ದರು. 2023-24ರಲ್ಲಿ 46. ಕಾರ್ಖಾನೆ ಮತ್ತು ತಯಾರಿಕೆ ಕೆಲಸದಲ್ಲಿ ಅಂದೂ ಸುಮಾರು 11, ಈಗಲೂ ಸುಮಾರು 11. ಕಟ್ಟಡ ಕೆಲಸದಲ್ಲಿ ಅಂದು ಮೂರರ ಆಸುಪಾಸು, ಈಗ 12. ಇದನ್ನು ಓದಿದಾಗ ನಾನು ಕಾಗದ ಕೆಳಗಿಟ್ಟೆ. ಲೂಯಿಸ್ ಅವರು ಹೇಳಿದ ಹಾಗೆ ಜನ ಹೊಲ ಬಿಟ್ಟರು, ಆದರೆ ಹೋಗಿದ್ದು ಕಾರ್ಖಾನೆಗಲ್ಲ, ಗಾರೆ ಕೆಲಸಕ್ಕೆ. ಗಾರೆ ಕೆಲಸದಲ್ಲಿ ಹತ್ತು ವರ್ಷ ದುಡಿದರೂ ಮೊದಲ ದಿನದ ಸಂಬಳಕ್ಕೂ ಕೊನೆಯ ದಿನದ ಸಂಬಳಕ್ಕೂ ದೊಡ್ಡ ಅಂತರ ಇಲ್ಲ, ಮೇಸ್ತ್ರಿ ಆದವನೊಬ್ಬನನ್ನು ಬಿಟ್ಟು. ಕೊರೋನಾ ವರ್ಷ ಕೆಲಸ ನಿಂತಾಗ ಅವರೆಲ್ಲ ಊರಿಗೇ ಬಂದರು. 2018-19ರಲ್ಲಿ ಕೃಷಿಯಲ್ಲಿದ್ದವರು ನೂರಕ್ಕೆ 42ರ ಮೇಲೆ ಸ್ವಲ್ಪ ಇದ್ದದ್ದು, 2019-20ರಲ್ಲಿ 45 ದಾಟಿತು. ಗಡಿಯಾರ ಹಿಂದಕ್ಕೆ ತಿರುಗಿದ ಹಾಗೆ.

“ಆದರೆ ಮಾವ, ಗಾರ್ಮೆಂಟ್ಸ್ ಲೆಕ್ಕಕ್ಕೆ ಇಲ್ವಾ?” ಅಂತ ಅವಳು ಕೇಳಿದಳು. ಕೇಳಬೇಕಾದ್ದೇ. ಎಣ್ಣೆ ತಂದ ಅದೇ ವ್ಯಾಪಾರ ಅಂಗಿ, ಚಡ್ಡಿಯನ್ನು ಹೊರಕ್ಕೆ ಒಯ್ದಿತು. ಶ್ರೀಮಂತ ದೇಶಗಳು ಬಡ ದೇಶದ ಬಟ್ಟೆಗೆ ಇಟ್ಟಿದ್ದ ಕೋಟಾ 2005ರ ಜನವರಿಗೆ ಮುಗಿಯಿತು. ಬೆಂಗಳೂರಿನಲ್ಲಿ, ದೊಡ್ಡಬಳ್ಳಾಪುರದಲ್ಲಿ, ತುಮಕೂರು ಕಡೆಯಲ್ಲಿ ಗಾರ್ಮೆಂಟ್ಸ್ ಬೆಳೆದವು. ನಮ್ಮ ಬೀದಿಯಿಂದಲೇ ಆರು ಹೆಣ್ಣುಮಕ್ಕಳು ಹೋದರು. ಅವರ ಸಂಬಳದಿಂದ ಎರಡು ಮನೆಗೆ ತಾರಸಿ ಬಿತ್ತು, ಒಬ್ಬಳು ತಮ್ಮನನ್ನು ಡಿಪ್ಲೊಮಾ ಓದಿಸಿದಳು. ಯಾರ ಅನುಮತಿಯೂ ಕೇಳದೆ ಕೈಯಲ್ಲಿ ಸ್ವಂತ ದುಡ್ಡು ಹಿಡಿದದ್ದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದೇ ಮೊದಲು. ಇದನ್ನು ಕಡಿಮೆ ಅಂತ ಯಾರೂ ಹೇಳಬಾರದು. ಆದರೆ ಗಾರ್ಮೆಂಟ್ಸ್ ತಗೊಂಡದ್ದು ಹದಿನೆಂಟು ದಾಟಿದ ಹುಡುಗಿಯರನ್ನು. ಮಿಲ್ಲಿನಲ್ಲಿ ಬೀಜ ಆರಿಸುತ್ತಿದ್ದ ನಲವತ್ತೈದರ ಅವ್ವಂದಿರನ್ನಲ್ಲ, ಚೀಲ ಹೊತ್ತ ಹಮಾಲನನ್ನಲ್ಲ. ದೇಶದ ಒಟ್ಟು ಲೆಕ್ಕದಲ್ಲಿ ಒಂದು ಕಡೆ ಹೋಗಿ ಇನ್ನೊಂದು ಕಡೆ ಬಂತು. ಮನೆಯ ಲೆಕ್ಕದಲ್ಲಿ ಹೋದದ್ದು ಒಬ್ಬರದು, ಬಂದದ್ದು ಇನ್ನೊಬ್ಬರಿಗೆ.

ಭೂಮಿಯೂ ಕಸುಬು ಬದಲಾಯಿಸಿತು. ನಮ್ಮ ಪಕ್ಕದ ಪಾವಗಡ ತಾಲೂಕಿನಲ್ಲಿ ಐದು ಊರಿನ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿ, 2019ರ ಹೊತ್ತಿಗೆ 2,050 ಮೆಗಾವಾಟ್ ಆಯಿತು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ. ಶೇಂಗಾ ಯಾವ ಒಳ್ಳೇ ವರ್ಷದಲ್ಲೂ ಖರ್ಚು ಕಳೆದು ನಮಗೆ ಅಷ್ಟು ಉಳಿಸಿಲ್ಲ. ಭೂಮಿ ಇದ್ದವನಿಗೆ ಆರಾಮ. ಭೂಮಿ ಇಲ್ಲದ ಕೂಲಿಯವನಿಗೆ ಕಳೆ ಕೀಳೋ ಕೆಲಸವೂ ಹೋಯಿತು, ಕುರಿ ಮೇಯಿಸೋ ಬಯಲೂ ಹೋಯಿತು. ದೇಶದಲ್ಲಿ ಆಗ ಹಾಕುತ್ತಿದ್ದ ಸೋಲಾರ್ ಫಲಕಗಳು ಬಹುಪಾಲು ಚೀನಾದಿಂದ ಬಂದವು. ಅದೂ ಹಡಗಿನಲ್ಲೇ.

ಬಿತ್ತೋ ಹೊತ್ತಿಗೆ ಸುಂಕ

ಸುಂಕ ಹೆಚ್ಚಿರಬೇಕೋ ಕಡಿಮೆ ಇರಬೇಕೋ ಅನ್ನೋದಕ್ಕಿಂತ ದೊಡ್ಡ ತೊಂದರೆ ಅದು ಕುಣಿಯೋದು. 2008ರಲ್ಲಿ ಕಚ್ಚಾ ಎಣ್ಣೆಗೆ ಸುಂಕ ಸೊನ್ನೆ. 2018ರಲ್ಲಿ ಕಚ್ಚಾ ತಾಳೆಗೆ 44. ಆಮೇಲೆ ಮತ್ತೆ ಇಳಿದು ಸೊನ್ನೆ. 2024ರ ಸೆಪ್ಟೆಂಬರಿನಲ್ಲಿ ಮೂಲ ಸುಂಕ 20. 2025ರ ಮೇ 28ರಂದು ಕೇಂದ್ರ ಸಂಪುಟ ಶೇಂಗಾ ಬೆಂಬಲ ಬೆಲೆಯನ್ನು ಕ್ವಿಂಟಾಲಿಗೆ 6,783ರಿಂದ 7,263ಕ್ಕೆ ಏರಿಸಿತು. ಮೇ 30ರಂದು ಕಚ್ಚಾ ಎಣ್ಣೆಯ ಸುಂಕವನ್ನು 20ರಿಂದ 10ಕ್ಕೆ ಇಳಿಸಿತು. ಎರಡು ದಿನದ ಅಂತರ. ಬಲಗೈಲಿ ಕೊಟ್ಟದ್ದನ್ನು ಎಡಗೈ ಕಿತ್ತುಕೊಂಡಿತು, ಅದೂ ನಾವು ಆರಿದ್ರಾ ಮಳೆಗೆ ಬೀಜ ಒಡೆಸೋ ಹೊತ್ತಿನಲ್ಲಿ.

ಮಿಲ್ಲು ಹಾಕೋನಿಗೆ ಹತ್ತು ವರ್ಷದ ಲೆಕ್ಕ ಬೇಕು. ಹೀಗೆ ಕುಣಿದರೆ ಯಾವ ಬ್ಯಾಂಕು ಸಾಲ ಕೊಡುತ್ತೆ, ಯಾವ ಮಗ ಅಪ್ಪನ ಮಿಲ್ಲು ಮುಂದುವರಿಸ್ತಾನೆ? ಅಡಿಕೆಗೆ ಒಂದು ಕನಿಷ್ಠ ಆಮದು ಬೆಲೆ ಇದೆ. 2017ರಲ್ಲಿ ಕಿಲೋಗೆ 251, 2023ರಲ್ಲಿ 351 ರೂಪಾಯಿ ಮಾಡಿದರು. ಅದಕ್ಕಿಂತ ಕಡಿಮೆ ಬೆಲೆಯ ಸರಕು ಕಾನೂನಿನಲ್ಲಿ ಒಳಗೆ ಬರುವಂತಿಲ್ಲ. ಕಳ್ಳ ದಾರಿಯ ಮಾತು ಬೇರೆ. ನಾವು ಕೇಳೋದೂ ಅಂಥದ್ದೇ: ಇಂಥ ಬೆಲೆಗಿಂತ ಕೆಳಗೆ ಹೋದರೆ ಸುಂಕ ಏರುತ್ತೆ, ಮೇಲೆ ಹೋದರೆ ಇಳಿಯುತ್ತೆ ಅಂತ ಏಪ್ರಿಲ್‌ನಲ್ಲೇ ಬರೆದು ಗೋಡೆಗೆ ಅಂಟಿಸಲಿ, ಕೊಯ್ಲು ಮುಗಿಯುವವರೆಗೆ ಅದನ್ನು ಮುಟ್ಟದಿರಲಿ. ಬೆಲೆ ವಿಪರೀತ ಏರಿದಾಗ ಕೂಲಿಯವನ ಮನೆಗೂ ಎಣ್ಣೆ ಬೇಕು, ಅದಕ್ಕೆ ರೇಷನ್ ಅಂಗಡಿಯ ದಾರಿ ಇದೆ. ಒಂದೇ ಕಡೆಯಿಂದ ಬರೋದನ್ನು ನಂಬಿದರೆ ಏನಾಗುತ್ತೆ ಅಂತ 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿದಾಗ ದೇಶವೇ ನೋಡಿತು. ಮೂರು ವಾರ ಚಿಲ್ಲರೆಯಲ್ಲಿ ಮತ್ತೆ ಬಿಟ್ಟರು, ನಮ್ಮ ಪುಣ್ಯ.

ತಿನ್ನೋ ಶೇಂಗಾ

ಹಾಗಂತ ಶೇಂಗಾ ಸತ್ತಿಲ್ಲ. ಎಣ್ಣೆಯಿಂದ ತಟ್ಟೆಗೆ ಬಂದಿದೆ. ಚಿಕ್ಕಿ, ಖಾರದ ಬೀಜ, ಚಟ್ನಿಗೆ ಒಳ್ಳೇ ಬೀಜ ಬೇಕು. ಹೊರಗೂ ಹೋಗುತ್ತೆ. ತಮಾಷೆ ಅಂದರೆ ನಮ್ಮ ದೇಶದ ಶೇಂಗಾ ಬೀಜದ ದೊಡ್ಡ ಗಿರಾಕಿ ಇಂಡೋನೇಷ್ಯಾ. ಅವರು ನಮಗೆ ಎಣ್ಣೆ ಕಳಿಸಿ ನಮ್ಮ ಕಡಲೆ ಬೀಜ ಹುರಿದು ತಿಂತಾರೆ. ಕಿಲೋ ಎಣ್ಣೆಯ ಪೈಪೋಟಿಯಲ್ಲಿ ಸೋತರೂ ಈ ಕಣದಲ್ಲಿ ನಾವು ನಿಲ್ಲಬಹುದು, ಯಾಕೆಂದರೆ ಇಲ್ಲಿ ತೂಕಕ್ಕಿಂತ ಗುಣಕ್ಕೆ ಬೆಲೆ.

ಗುಣ ಅಂದರೆ ಮುಖ್ಯವಾಗಿ ಬೂಜಿನ ವಿಷ, ಅಫ್ಲಾಟಾಕ್ಸಿನ್. ಯುರೋಪಿನವರು ನೇರ ತಿನ್ನೋ ಬೀಜಕ್ಕೆ ನೂರು ಕೋಟಿ ಪಾಲಿಗೆ ನಾಲ್ಕು ಪಾಲು ಮಾತ್ರ ಒಪ್ತಾರೆ. ಕಣ್ಣಿಗೆ ಕಾಣದ ಈ ವಿಷ ಹೊಲದಲ್ಲೇ ಶುರುವಾಗುತ್ತೆ. ಕಾಯಿ ಬಲಿಯೋ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಬೂಜು ಒಳಸೇರುತ್ತೆ. ಕಿತ್ತ ಮೇಲೆ ಹಸಿ ರಾಶಿ ಹಾಕಿದರೆ ಹೆಚ್ಚುತ್ತೆ. ನಾವು ಮಾಡೋದು ಇಷ್ಟು: ಬಲಿತ ಕೂಡಲೇ ಕೀಳೋದು, ಬಳ್ಳಿಯನ್ನು ಕಾಯಿ ಮೇಲೆ ಬರೋ ಹಾಗೆ ಮಗುಚಿ ಸಾಲಿಗೆ ಒಣಗಿಸೋದು, ಹುಳು ತಿಂದ, ಒಡೆದ, ಮುದುಡಿದ ಕಾಯಿ ಬೇರೆ ಇಡೋದು, ಅಲ್ಲಾಡಿಸಿದರೆ ಗಲಗಲ ಅನ್ನೋವರೆಗೆ ಒಣಗಿಸಿ, ಗೋಣಿ ಚೀಲಕ್ಕೆ ತುಂಬಿ ಹಲಗೆ ಮೇಲೆ ಜೋಡಿಸೋದು. ಬಿಡಿಸೋದು ಸುಲಭ ಆಗಲಿ ಅಂತ ಒಣಗಿದ ಕಾಯಿಗೆ ನೀರು ಚಿಮುಕಿಸೋ ಅಭ್ಯಾಸ ಒಡೆಯೋ ಕಡೆಗಳಲ್ಲಿ ಇದೆ. ಬೂಜಿಗೆ ಅದಕ್ಕಿಂತ ಹಬ್ಬ ಇನ್ನೊಂದಿಲ್ಲ. ನೀರು ಹಾಕಿದರೆ ನಮ್ಮ ಕಾಯಿ ಒಡೆಸೋದಿಲ್ಲ ಅಂತ ನಾವು ಐದು ಜನ ಕೂಡಿ ಹೇಳಿದ ಮೇಲೆ ನಮ್ಮ ಹೋಬಳಿಯ ಒಬ್ಬ ಮಿಲ್ಲಿನವ ಒಣ ಕಾಯಿಯನ್ನೇ ಒಡೆದು ಕೊಡ್ತಿದ್ದಾನೆ. ಬೀಜ ಸ್ವಲ್ಪ ಹೆಚ್ಚು ಹೋಳಾಗುತ್ತೆ. ಆ ಹೋಳನ್ನು ಮರದ ಗಾಣಕ್ಕೆ ಕೊಡ್ತೀವಿ. ಬೀಜ ಆರಿಸೋ ಕೆಲಸಕ್ಕೆ ಊರಿನ ಏಳೆಂಟು ಹೆಂಗಸರಿಗೆ ಸುಗ್ಗಿಯ ಎರಡು ತಿಂಗಳು ಕೂಲಿ ಸಿಗ್ತಿದೆ. ಹಳೇ ಮಿಲ್ಲುಗಳ ಮುಂದೆ ಇದು ಏನೂ ಅಲ್ಲ, ಆದರೂ ಅದೇ ಜಾತಿಯ ಕೆಲಸ.

ಬಿತ್ತೋ ಮುಂಚೆ ನಾವು ಐವರೂ ಕೂತು ಒಂದು ಚೀಟಿಯಲ್ಲಿ ನಾಲ್ಕು ಬೆಲೆ ಬರೆದುಕೊಳ್ತೀವಿ: ಬೆಂಬಲ ಬೆಲೆ, ಕಚ್ಚಾ ತಾಳೆ ಎಣ್ಣೆಯ ಸುಂಕ, ಅಂಗಡಿಯ ಪಾಮೋಲಿನ್ ಪ್ಯಾಕೆಟ್, ಬಿತ್ತನೆ ಬೀಜ. ಸುಂಕ ಇಳಿದ ವರ್ಷ ಶೇಂಗಾದ ಎಕರೆ ಕಡಿಮೆ ಮಾಡಿ ನವಣೆ, ಸಜ್ಜೆ ಹೆಚ್ಚು ಮಾಡ್ತೀವಿ. 2025ರಲ್ಲಿ ನಾನು ಆರು ಎಕರೆಯ ಬದಲು ನಾಲ್ಕೇ ಎಕರೆ ಶೇಂಗಾ ಹಾಕಿದೆ, ಎಂಟು ಸಾಲಿಗೆ ಎರಡು ಸಾಲು ತೊಗರಿ. ಮೂರು ಎಕರೆ ನವಣೆ, ಎರಡು ಎಕರೆ ಸಜ್ಜೆ. ಉಳಿದ ಎರಡು ಎಕರೆ ಹುಣಸೆ ಗಿಡದ ಕೆಳಗೆ ಕುರಿ ಮೇವಿಗೆ ಬಿಟ್ಟಿದೆ.